ಅಪ್ರೆಂಟಿಸ್ ತರಬೇತಿ ಪಡೆಯುವುದು ಹೇಗೆ: ಅರ್ಜಿಯಿಂದ ಪ್ರಮಾಣಪತ್ರದವರೆಗೆ

30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ, ಅದು ಕಾರ್ಖಾನೆಯಾಗಿರಲಿ, ಆಸ್ಪತ್ರೆಯಾಗಿರಲಿ, ಹೋಟೆಲ್ ಆಗಿರಲಿ, ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ಪ್ರತಿ ವರ್ಷ ತೆಗೆದುಕೊಳ್ಳಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ಅಡಿಯಲ್ಲಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಹೇಳುತ್ತವೆ. ಈ ಸಿಬ್ಬಂದಿ ಲೆಕ್ಕದಲ್ಲಿ ಗುತ್ತಿಗೆ ನೌಕರರೂ ಸೇರುತ್ತಾರೆ. 4ರಿಂದ 29 ಮಂದಿ ಇರುವ ಸಂಸ್ಥೆಗಳು ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಅನೇಕ ಯುವಕ ಯುವತಿಯರಿಗೆ ಈ ಸಂಗತಿಯೇ ತಿಳಿದಿಲ್ಲ. ಅವರು ಕಂಪನಿಯ ಗೇಟಿನ ಬಳಿ ಹೋಗಿ ಉಪಕಾರ ಬೇಡುವವರಂತೆ ನಿಲ್ಲುತ್ತಾರೆ. ಕಾನೂನು ಅವರಿಗಾಗಿ ತೆರೆದಿಟ್ಟ ಒಂದು ಜಾಗವನ್ನು ಕೇಳಲು ಹೋಗುತ್ತಿದ್ದೇವೆಂಬ ಅರಿವಿದ್ದರೆ ಮಾತಿನ ಧಾಟಿಯೂ ಬೇರೆಯಾಗುತ್ತದೆ, ಕೇಳಬೇಕಾದ ಪ್ರಶ್ನೆಗಳೂ ಬೇರೆಯಾಗುತ್ತವೆ.

ಹಾಗೆಂದು ಇದು ನೌಕರಿಯಲ್ಲ. ಅಪ್ರೆಂಟಿಸ್ ಎಂದರೆ ಒಪ್ಪಂದದ ಮೇಲೆ ಕೆಲಸ ಕಲಿಯುವವರು. ಸರ್ಕಾರಿ ಕಡತಗಳಲ್ಲಿ ಅವರನ್ನು ‘ಶಿಶಿಕ್ಷು’ ಎಂದು ಕರೆಯುತ್ತಾರೆ. ಕೈಗೆ ಬರುವುದು ಸಂಬಳವಲ್ಲ, ತರಬೇತಿ ಭತ್ಯೆ. ಅದರಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಭವಿಷ್ಯ ನಿಧಿಯಾಗಲಿ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಆಗಲಿ ಅನ್ವಯವಾಗುವುದಿಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಹೊಣೆಯನ್ನು ಕಾಯ್ದೆ ಸಂಸ್ಥೆಯ ಮೇಲೆ ಹೊರಿಸಿಲ್ಲ. ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳಿದೆ. ಆದ್ದರಿಂದ ಸೇರುವ ಮೊದಲೇ ‘ನಿಮ್ಮ ನೀತಿ ಏನು, ಹಿಂದಿನ ತಂಡದಲ್ಲಿ ಎಷ್ಟು ಜನರನ್ನು ಉಳಿಸಿಕೊಂಡಿರಿ’ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮೊದಲು ನಿಮ್ಮ ದಾರಿ ಯಾವುದೆಂದು ತಿಳಿಯಿರಿ

ಎರಡು ಯೋಜನೆಗಳು ಅಕ್ಕಪಕ್ಕದಲ್ಲೇ ನಡೆಯುತ್ತಿದ್ದು, ಹೆಸರುಗಳೂ ಹೋಲುವುದರಿಂದ ಅರ್ಜಿದಾರರು ತಪ್ಪು ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ತಿಂಗಳುಗಟ್ಟಲೆ ಕಾಯುವುದುಂಟು.

ಮೊದಲನೆಯದು 2016ರ ಆಗಸ್ಟ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ, ಅಂದರೆ ಎನ್‌ಎಪಿಎಸ್. ಇದನ್ನು ಕೌಶಲ್ಯಾಭಿವೃದ್ಧಿ ಸಚಿವಾಲಯ ನಡೆಸುತ್ತದೆ. ಐಟಿಐ ಮುಗಿಸಿದವರು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಓದಿದವರು, ಐದನೇ ತರಗತಿಯಿಂದ ಒಂಬತ್ತನೇ ತರಗತಿಯವರೆಗೆ ಓದಿ ಬಿಟ್ಟವರು, ಅಲ್ಪಾವಧಿ ಕೌಶಲ್ಯ ತರಬೇತಿ ಪಡೆದವರು ಇದರ ‘ಅಪ್ರೆಂಟಿಸ್‌ಶಿಪ್ ಇಂಡಿಯಾ’ ಪೋರ್ಟಲ್‌ನಲ್ಲಿ ಹೆಸರು ದಾಖಲಿಸಬೇಕು. ಕಾಯ್ದೆಯ ಪ್ರಕಾರ ಕನಿಷ್ಠ ವಯಸ್ಸು 14, ಅಪಾಯಕಾರಿ ಉದ್ದಿಮೆಗಳಲ್ಲಿ 18. ಸರ್ಕಾರದ ಪಾಲಿನ ಭತ್ಯೆ ಸಿಗುವುದು 35 ವರ್ಷದವರೆಗಿನವರಿಗೆ. ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಟರ್ನರ್‌ಗಳಂತಹ ನಿಗದಿತ ಟ್ರೇಡ್‌ಗಳ, ಅಂದರೆ ಕಸುಬುಗಳ, ಜೊತೆಗೆ, ಸಂಸ್ಥೆಯೇ ಪಠ್ಯಕ್ರಮ ರೂಪಿಸುವ ಐಚ್ಛಿಕ ಟ್ರೇಡ್‌ಗಳೂ ಇವೆ. ಚಿಲ್ಲರೆ ವ್ಯಾಪಾರ, ಉಗ್ರಾಣ, ಬ್ಯಾಂಕಿಂಗ್, ಆತಿಥ್ಯದ ಹಲವು ಕೆಲಸಗಳು ಈ ಎರಡನೇ ಗುಂಪಿಗೆ ಸೇರುತ್ತವೆ. ಅವುಗಳ ಅವಧಿ ಆರು ತಿಂಗಳಿಂದ ಮೂರು ವರ್ಷದವರೆಗೆ ಇರುತ್ತದೆ.

ಎರಡನೆಯದು ಶಿಕ್ಷಣ ಸಚಿವಾಲಯದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಅಂದರೆ ಎನ್‌ಎಟಿಎಸ್. ಪದವೀಧರರು ಮತ್ತು ಡಿಪ್ಲೊಮಾ ಮಾಡಿದವರು ನೋಡಬೇಕಾದದ್ದು ಇದನ್ನು. ತರಬೇತಿ ಸಾಮಾನ್ಯವಾಗಿ ಒಂದು ವರ್ಷ. ಹೊಸ ಪೋರ್ಟಲ್ 2024ರ ಜುಲೈನಲ್ಲಿ ಬಂದಿದೆ. ಕರ್ನಾಟಕವು ಚೆನ್ನೈನ ತರಮಣಿಯಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಯ ವ್ಯಾಪ್ತಿಗೆ ಬರುತ್ತದೆ. ಇಂಜಿನಿಯರಿಂಗ್ ಓದಿದವರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮಾಡಿದವರಿಗೂ ಇಲ್ಲಿ ಅವಕಾಶವಿದೆ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ.

ಇವೆರಡಕ್ಕೂ ಹೊರತಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದೆ. 21ರಿಂದ 24 ವರ್ಷದೊಳಗಿನವರಿಗೆ ದೊಡ್ಡ ಕಂಪನಿಗಳಲ್ಲಿ 12 ತಿಂಗಳ ಅವಕಾಶ ಕೊಡುವ ಈ ಯೋಜನೆಯಲ್ಲಿ ತಿಂಗಳಿಗೆ ₹5,000, ಅದರಲ್ಲಿ ₹4,500 ಸರ್ಕಾರದಿಂದ ಮತ್ತು ₹500 ಕಂಪನಿಯಿಂದ, ಜೊತೆಗೆ ಒಂದು ಬಾರಿಗೆ ₹6,000 ಎಂದು ಆ ಹಂತದಲ್ಲಿ ಗೊತ್ತುಮಾಡಲಾಗಿತ್ತು. ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷ ಮೀರಿದವರಿಗೆ ಅವಕಾಶವಿರಲಿಲ್ಲ. ಇದು ಅಪ್ರೆಂಟಿಸ್ ಕಾಯ್ದೆಯಡಿ ಬರುವುದಿಲ್ಲವಾದ್ದರಿಂದ ಮುಂದೆ ಹೇಳುವ ಒಪ್ಪಂದದ ರಕ್ಷಣೆಗಳನ್ನು ಅದಕ್ಕೆ ಅನ್ವಯಿಸಿ ಓದಬಾರದು.

ಭತ್ಯೆಯ ಲೆಕ್ಕ

2019ರ ನಿಯಮಗಳು ತಿಂಗಳ ಕನಿಷ್ಠ ಭತ್ಯೆಯನ್ನು ಹೀಗೆ ನಿಗದಿಪಡಿಸಿದವು: ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ₹5,000, ಎಸ್ಸೆಸ್ಸೆಲ್ಸಿಯವರಿಗೆ ₹6,000, ಪಿಯುಸಿ ಮತ್ತು ಐಟಿಐ ಆದವರಿಗೆ ₹7,000, ಡಿಪ್ಲೊಮಾದವರಿಗೆ ₹8,000, ಪದವೀಧರರಿಗೆ ₹9,000. ತರಬೇತಿ ಎರಡನೇ ವರ್ಷಕ್ಕೆ ಹೋದರೆ ಶೇ. 10ರಷ್ಟು, ಮೂರನೇ ವರ್ಷಕ್ಕೆ ಮತ್ತೆ ಶೇ. 15ರಷ್ಟು ಏರಿಕೆಯಾಗಬೇಕು. ಈ ದರಗಳನ್ನು ಶೇ. 36ರಷ್ಟು ಹೆಚ್ಚಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಕಾಣುವ ಕನಿಷ್ಠ ದರವನ್ನೇ ಆಧಾರವಾಗಿಟ್ಟುಕೊಳ್ಳಿ. ಇವು ಕೆಳಮಿತಿ ಮಾತ್ರ, ಸಂಸ್ಥೆ ಹೆಚ್ಚು ಕೊಡಲು ಅಡ್ಡಿಯಿಲ್ಲ.

ಸರ್ಕಾರದ ಪಾಲು ಎಷ್ಟು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಎನ್‌ಎಪಿಎಸ್ ಅಡಿ ಸರ್ಕಾರ ಭತ್ಯೆಯ ಶೇ. 25ರಷ್ಟನ್ನು, ಗರಿಷ್ಠ ₹1,500ರ ಮಿತಿಗೊಳಪಟ್ಟು, ಭರಿಸುತ್ತದೆ. ₹7,000 ಭತ್ಯೆಯ ಕಾಲುಭಾಗ ₹1,750 ಆದರೂ ಮಿತಿಯಿಂದಾಗಿ ಸರ್ಕಾರದಿಂದ ಬರುವುದು ₹1,500, ಉಳಿದ ₹5,500 ಸಂಸ್ಥೆಯಿಂದ ಬರಬೇಕು. ಮೊದಲು ಈ ಹಣ ಸಂಸ್ಥೆಗೆ ಮರುಪಾವತಿಯಾಗುತ್ತಿತ್ತು; 2023ರ ಆಗಸ್ಟ್‌ನಿಂದ ಅಭ್ಯರ್ಥಿಯ ಖಾತೆಗೇ ನೇರವಾಗಿ ಜಮೆಯಾಗುವ ವ್ಯವಸ್ಥೆ ಬಂದಿದೆ. ಎನ್‌ಎಟಿಎಸ್‌ನಲ್ಲಿ ಸರ್ಕಾರದ ಪಾಲು ಕನಿಷ್ಠ ಭತ್ಯೆಯ ಅರ್ಧ, ಅಂದರೆ 2019ರ ದರದಂತೆ ಪದವೀಧರರಿಗೆ ₹4,500, ಡಿಪ್ಲೊಮಾದವರಿಗೆ ₹4,000.

ಹೀಗೆ ಎರಡು ಕಡೆಯಿಂದ ಎರಡು ದಿನಗಳಲ್ಲಿ ಹಣ ಬರುವುದರಿಂದ ‘ನನಗೆ ಕಡಿಮೆ ಕೊಟ್ಟರು’ ಎಂಬ ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಸ್ಥೆ ನಿಜವಾಗಿಯೇ ಕಡಿಮೆ ಕೊಟ್ಟಾಗ ‘ಉಳಿದದ್ದು ಸರ್ಕಾರದಿಂದ ಬರುತ್ತದೆ’ ಎಂಬ ಉತ್ತರವನ್ನು ನಂಬಿ ಸುಮ್ಮನಾಗುವುದು. ಯಾರ ಪಾಲು ಎಷ್ಟು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಈ ಗೊಂದಲ ತಪ್ಪುತ್ತದೆ.

ದಾಖಲೆ ಮತ್ತು ಬ್ಯಾಂಕ್ ಖಾತೆ

ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕೊನೆಯದಾಗಿ ಮುಗಿಸಿದ ಶಿಕ್ಷಣದ ಅಂಕಪಟ್ಟಿ ಮತ್ತು ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಭಾವಚಿತ್ರ, ಸಹಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಸದಾ ನಿಮ್ಮ ಬಳಿಯೇ ಇರುವ ಒಂದು ಮೊಬೈಲ್ ಸಂಖ್ಯೆ ಮತ್ತು ಇಮೇಲ್: ಬೇಕಾಗುವುದು ಇಷ್ಟೇ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವವರು ಅಂಗಡಿಯವರ ಇಮೇಲ್ ಕೊಡಬೇಡಿ. ಆಯ್ಕೆಯಾದ ಸಂದೇಶ ಅವರ ಪೆಟ್ಟಿಗೆಯಲ್ಲಿ ಬಿದ್ದು ನಿಮಗೆ ತಿಳಿಯದೇ ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಹೆಚ್ಚು ಅರ್ಜಿಗಳು ತೊಡಕಿಗೆ ಸಿಲುಕುವುದು ಹೆಸರಿನ ವಿಷಯದಲ್ಲಿ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದೇ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅದೇ ಇನಿಷಿಯಲ್ ತಂದೆಯ ಪೂರ್ಣ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಬ್ಯಾಂಕಿನಲ್ಲಿ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಮೂರೂ ಒಬ್ಬರದೇ ಎಂದು ಮನುಷ್ಯರಿಗೆ ಗೊತ್ತಾಗುತ್ತದೆ, ಗಣಕಕ್ಕೆ ಗೊತ್ತಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ಮತ್ತು ಬ್ಯಾಂಕ್ ದಾಖಲೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಅರ್ಜಿ ಹಾಕುವ ಒಂದು ತಿಂಗಳ ಮುಂಚೆಯೇ ಈ ಕೆಲಸ ಮುಗಿದಿರಲಿ.

ಇನ್ನೊಂದು ತೊಡಕು ಖಾತೆಯದು. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸರ್ಕಾರದ ಹಣ ಆ ಖಾತೆಗೆ ಬರುತ್ತದೆ ಎಂದಾಗಲಿಲ್ಲ. ನೇರ ನಗದು ವರ್ಗಾವಣೆಗೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ಆ ಖಾತೆಯ ಬ್ಯಾಂಕ್ ನಿಮ್ಮ ಆಧಾರ್‌ನೊಂದಿಗೆ ಜೋಡಣೆಯಾಗಿರಬೇಕು ಮತ್ತು ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಹಾಗೆ ಜೋಡಣೆಯಾಗಿರಲು ಸಾಧ್ಯ. ಹಾಸ್ಟೆಲಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದು, ಆಮೇಲೆ ಮರೆತುಬಿಟ್ಟ ಖಾತೆಯೇ ಬಹಳಷ್ಟು ಜನರ ಜೋಡಣೆಯ ಖಾತೆಯಾಗಿರುತ್ತದೆ. ಸರ್ಕಾರದ ಪಾಲು ತಿಂಗಳುಗಟ್ಟಲೆ ಅಲ್ಲಿ ಜಮೆಯಾಗುತ್ತಿದ್ದರೂ, ಇಲ್ಲಿ ಬರಲಿಲ್ಲವೆಂದು ಕೊರಗಿದವರನ್ನು ನಾನು ಕಂಡಿದ್ದೇನೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಒಟಿಪಿ ಪಡೆದು ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂದು ನೋಡಬಹುದು. ಬದಲಿಸಬೇಕಿದ್ದರೆ ಹೊಸ ಬ್ಯಾಂಕಿನ ಶಾಖೆಯಲ್ಲಿ ಒಪ್ಪಿಗೆಪತ್ರ ಕೊಡಬೇಕು.

ಸಂಸ್ಥೆಯನ್ನು ಹುಡುಕುವುದು

ಪೋರ್ಟಲ್‌ನಲ್ಲಿ ಪ್ರೊಫೈಲ್ ಪೂರ್ಣಗೊಳಿಸಿ, ಆಧಾರ್ ದೃಢೀಕರಣ ಮುಗಿಸಿದ ಮೇಲೆ ಜಿಲ್ಲೆ, ಟ್ರೇಡ್ ಮತ್ತು ವಿದ್ಯಾರ್ಹತೆಯ ಮೂಲಕ ಅವಕಾಶಗಳನ್ನು ಹುಡುಕಬಹುದು. ಹೆಸರು ದಾಖಲಿಸಿ ಕರೆ ಬರಲೆಂದು ಕಾಯುವುದರಿಂದ ಏನೂ ಆಗುವುದಿಲ್ಲ. ಪ್ರತಿ ಅವಕಾಶಕ್ಕೂ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಅದರ ಜೊತೆಗೆ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗಕ್ಕೆ ನಿಮ್ಮ ನೋಂದಣಿ ಸಂಖ್ಯೆ ಬರೆದ ಒಂದು ಪುಟದ ಪತ್ರವನ್ನು ಕೈಯಾರೆ ತಲುಪಿಸಿದರೆ ಇನ್ನೂ ಒಳ್ಳೆಯದು.

ಪ್ರಧಾನಮಂತ್ರಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಮೇಳಗಳು ಪ್ರತಿ ತಿಂಗಳ ಎರಡನೇ ಸೋಮವಾರ ನಡೆಯುವ ಪದ್ಧತಿಯಿದೆ. ಸರ್ಕಾರಿ ಐಟಿಐಗಳೇ ಸಾಮಾನ್ಯವಾಗಿ ಅವುಗಳ ಜಾಗ. ನಿಮ್ಮ ತಾಲ್ಲೂಕಿನ ಐಟಿಐ ಸೂಚನಾಫಲಕವನ್ನು ಹದಿನೈದು ದಿನಕ್ಕೊಮ್ಮೆ ನೋಡುವ ಅಭ್ಯಾಸವಿಟ್ಟುಕೊಳ್ಳಿ. ನೀವು ಅಲ್ಲಿನ ಹಳೆಯ ವಿದ್ಯಾರ್ಥಿಯಲ್ಲದಿದ್ದರೂ ಅಲ್ಲಿನ ತರಬೇತಿ ಅಧಿಕಾರಿಯನ್ನು ಮಾತನಾಡಿಸಲು ಹಿಂಜರಿಯಬೇಡಿ. ಯಾವ ಕಾರ್ಖಾನೆ ನಿಜವಾಗಿ ಕಲಿಸುತ್ತದೆ, ಯಾವುದು ಬರೀ ಪೊಟ್ಟಣ ಕಟ್ಟಿಸುತ್ತದೆ ಎಂಬುದು ಯಾವ ಪೋರ್ಟಲ್‌ಗಿಂತಲೂ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ಸಾರ್ವಜನಿಕ ವಲಯದಲ್ಲಿ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ತಮ್ಮದೇ ಪ್ರಕಟಣೆಗಳನ್ನು ಹೊರಡಿಸುತ್ತವೆ. ಐಟಿಐ ಆದವರಿಗೆ ನೈರುತ್ಯ ರೈಲ್ವೆಯ ಪ್ರಕಟಣೆ ಬಹಳ ಮುಖ್ಯವಾದದ್ದು: ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು, ಹುಬ್ಬಳ್ಳಿಯ ಗಾಡಿ ದುರಸ್ತಿ ಕಾರ್ಯಾಗಾರ ಮತ್ತು ಮೈಸೂರಿನ ಕೇಂದ್ರ ಕಾರ್ಯಾಗಾರ ಇದರಲ್ಲಿ ಸೇರುತ್ತವೆ. ಲಿಖಿತ ಪರೀಕ್ಷೆ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯಿಂದ ಅರ್ಹತಾ ಪಟ್ಟಿ ತಯಾರಾಗುತ್ತದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದವರಿಗೆ ಲೆವೆಲ್-1, ಅಂದರೆ ಆರಂಭಿಕ ಹಂತದ, ನೇಮಕಾತಿಯಲ್ಲಿ ಶೇ. 20ರಷ್ಟು ಹುದ್ದೆಗಳನ್ನು ಮೀಸಲಿಡಲಾಗಿದೆ. ಭತ್ಯೆ ಕಡಿಮೆಯೆಂದು ಈ ದಾರಿಯನ್ನು ಬಿಡುವವರು ಇದನ್ನು ಎಣಿಕೆಗೆ ತೆಗೆದುಕೊಳ್ಳಬೇಕು.

ಪೋರ್ಟಲ್ ನೋಂದಣಿಗೆ ಶುಲ್ಕವಿಲ್ಲ. ರೈಲ್ವೆಯಂತಹ ಕೆಲವು ಸಂಸ್ಥೆಗಳು ಪ್ರಕಟಣೆಯಲ್ಲೇ ತಿಳಿಸಿ ಪಡೆಯುವ ಸಣ್ಣ ಅರ್ಜಿ ಶುಲ್ಕವನ್ನು ಬಿಟ್ಟರೆ, ‘ಸೀಟು ಕಾಯ್ದಿರಿಸಲು’, ‘ಸಮವಸ್ತ್ರಕ್ಕೆ’, ‘ಭದ್ರತಾ ಠೇವಣಿಗೆ’ ಎಂದು ಹಣ ಕೇಳುವವರಿಂದ ದೂರವಿರಿ. ಈ ಯೋಜನೆಗಳ ಪೋರ್ಟಲ್‌ನ ವಿಳಾಸ ಜಿಒವಿ ಡಾಟ್ ಇನ್ (gov.in) ಎಂದು ಕೊನೆಗೊಳ್ಳುತ್ತದೆಯೇ ಎಂದು ನೋಡದೆ ಆಧಾರ್ ಸಂಖ್ಯೆ ತುಂಬಬೇಡಿ.

ಒಪ್ಪಂದ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿರಿ ಎನ್ನುತ್ತೇನೆ. ನನ್ನ ಪರಿಚಯದ ಒಬ್ಬ ಯುವತಿ ಹನ್ನೊಂದು ತಿಂಗಳು ಒಂದು ಕಾರ್ಖಾನೆಯಲ್ಲಿ ‘ಅಪ್ರೆಂಟಿಸ್’ ಎಂಬ ಗುರುತಿನ ಚೀಟಿ ಧರಿಸಿ ದುಡಿದಳು. ಪ್ರತಿ ತಿಂಗಳು ಹಣವೂ ಬರುತ್ತಿತ್ತು. ಕೊನೆಗೆ ಪರೀಕ್ಷೆಗೆ ಹೆಸರು ಹುಡುಕಿದಾಗ ಪೋರ್ಟಲ್‌ನಲ್ಲಿ ಅವಳ ಹೆಸರಿನಲ್ಲಿ ಒಪ್ಪಂದವೇ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವಳು ಅಪ್ರೆಂಟಿಸ್ ಆಗಿರಲೇ ಇಲ್ಲ. ಆ ಹನ್ನೊಂದು ತಿಂಗಳಿಗೆ ಪ್ರಮಾಣಪತ್ರ ಸಿಗಲಿಲ್ಲ. ಅವಳ ಮುಖ ನೆನಪಾದಾಗಲೆಲ್ಲ, ಸೇರಿದ ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಹೇಳಬೇಕಿತ್ತಲ್ಲ ಎನ್ನಿಸುತ್ತದೆ.

ಅಪ್ರೆಂಟಿಸ್ ತರಬೇತಿ ಆರಂಭವಾಗುವುದೇ ಸಂಸ್ಥೆ ಮತ್ತು ಅಭ್ಯರ್ಥಿಯ ನಡುವೆ ಒಪ್ಪಂದವಾದಾಗ. ಆ ಒಪ್ಪಂದ ಪೋರ್ಟಲ್ ಮೂಲಕ ಅಪ್ರೆಂಟಿಸ್‌ಶಿಪ್ ಸಲಹೆಗಾರರಲ್ಲಿ, ಅಂದರೆ ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಯಲ್ಲಿ, ನೋಂದಣಿಯಾಗಬೇಕು. 18 ತುಂಬದವರ ಪರವಾಗಿ ಪೋಷಕರು ಸಹಿ ಮಾಡುತ್ತಾರೆ. ಆಯ್ಕೆಯ ನಂತರ ಸಂಸ್ಥೆ ಒಪ್ಪಂದವನ್ನು ಸಿದ್ಧಪಡಿಸಿ ಕಳುಹಿಸಿದಾಗ ಅದು ನಿಮ್ಮ ಲಾಗಿನ್‌ನಲ್ಲಿ ಕಾಣಿಸುತ್ತದೆ. ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಈ ಅಂಶಗಳನ್ನು ಕುಳಿತು ಓದಿ: ನಿಮ್ಮ ಹೆಸರು ಮತ್ತು ಜನ್ಮದಿನಾಂಕ, ಟ್ರೇಡ್‌ನ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ, ಭತ್ಯೆಯ ಮೊತ್ತ, ತರಬೇತಿ ನಡೆಯುವ ಸ್ಥಳ. ಟ್ರೇಡ್‌ನ ಹೆಸರು ನೀವು ಮಾಡಲಿರುವ ಕೆಲಸಕ್ಕೆ ಹೊಂದಬೇಕು, ಏಕೆಂದರೆ ಪರೀಕ್ಷೆ ನಡೆಯುವುದು ಒಪ್ಪಂದದಲ್ಲಿರುವ ಟ್ರೇಡ್‌ನಲ್ಲೇ. ಎಲೆಕ್ಟ್ರಿಷಿಯನ್ ಓದಿದವರನ್ನು ಬೇರೆ ಟ್ರೇಡ್‌ನ ಹೆಸರಿನಲ್ಲಿ ದಾಖಲಿಸಿದ್ದರೆ ಆಗಲೇ ತಿದ್ದಿಸಿ. ಆರು ತಿಂಗಳ ನಂತರ ತಿದ್ದಿಸುವುದು ಬಹಳ ಕಷ್ಟ.

ಒಪ್ಪಂದದ ನೋಂದಣಿ ಸಂಖ್ಯೆ ಬಂದ ದಿನವೇ ಅದರ ಪ್ರತಿಯನ್ನು ಇಳಿಸಿಕೊಂಡು ಮುದ್ರಿಸಿ, ಒಂದನ್ನು ಮನೆಯಲ್ಲಿಡಿ. ಸೇರಿ ಒಂದು ತಿಂಗಳಾದರೂ ಸಂಖ್ಯೆ ಬರದಿದ್ದರೆ ಸಂಸ್ಥೆಗೆ ಇಮೇಲ್ ಮೂಲಕ ಕೇಳಿ. ಬಾಯಿಮಾತಿನ ಭರವಸೆಗೆ ಆಮೇಲೆ ಸಾಕ್ಷಿ ಇರುವುದಿಲ್ಲ. ಗುತ್ತಿಗೆದಾರರ ಅಥವಾ ಮಧ್ಯವರ್ತಿ ಏಜೆನ್ಸಿಯ ಮೂಲಕ ಸೇರುವವರು, ಒಪ್ಪಂದದಲ್ಲಿ ತರಬೇತಿ ಕೊಡುವವರೆಂದು ಯಾರ ಹೆಸರಿದೆ ಎಂಬುದನ್ನು ವಿಶೇಷವಾಗಿ ನೋಡಬೇಕು.

ತರಬೇತಿಯ ತಿಂಗಳುಗಳು

ಒಂದು ತಿಂಗಳ ಭತ್ಯೆಯನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು. ಇಷ್ಟು ತುಣುಕು ಮಾಡಿದರೆ ಇಷ್ಟು ಹಣ ಎಂಬ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ಹಣ ಕೊಡುವುದನ್ನು ಕಾಯ್ದೆ ನಿಷೇಧಿಸಿದೆ. ಸಲಹೆಗಾರರ ಅನುಮತಿಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಸಂಸ್ಥೆಯಲ್ಲಿ ಪಾಲಿಸುವ ರಜೆಗಳು ನಿಮಗೂ ಸಲ್ಲುತ್ತವೆ. ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಸಂಸ್ಥೆಯದು. ಇವನ್ನೆಲ್ಲ ಮೊದಲ ದಿನವೇ ಮೇಲ್ವಿಚಾರಕರ ಮುಂದೆ ಓದಿ ಹೇಳಬೇಕಿಲ್ಲ, ಆದರೆ ನಿಮಗೆ ಗೊತ್ತಿರಬೇಕು.

ಪ್ರತಿದಿನ ಮಾಡಿದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಬರೆಯುವ ಒಂದು ಡೈರಿ ಇಟ್ಟುಕೊಳ್ಳಿ. ಯಾವ ಯಂತ್ರ, ಯಾವ ಅಳತೆ, ಎಲ್ಲಿ ತಪ್ಪಾಯಿತು, ಯಾರು ತೋರಿಸಿಕೊಟ್ಟರು ಎಂಬುದೆಲ್ಲ ಅದರಲ್ಲಿರಲಿ. ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಪಡೆಯಿರಿ. ಪರೀಕ್ಷೆಗೆ ಓದಲು ಇದಕ್ಕಿಂತ ಒಳ್ಳೆಯ ಪುಸ್ತಕ ಸಿಗದು; ಮುಂದಿನ ಸಂದರ್ಶನದಲ್ಲಿ ‘ಏನು ಕಲಿತೆ’ ಎಂದು ಕೇಳಿದಾಗ ತಡವರಿಸದೆ ಉತ್ತರಿಸಲು ನೆರವಾಗುವುದೂ ಇದೇ. ಮೂರು ತಿಂಗಳಾದರೂ ಡೈರಿಯ ಪುಟಗಳಲ್ಲಿ ಒಂದೇ ಕೆಲಸ ಮರುಕಳಿಸುತ್ತಿದ್ದರೆ, ಅದನ್ನೇ ತೋರಿಸಿ ಬೇರೆ ವಿಭಾಗಕ್ಕೆ ಬದಲಿಸುವಂತೆ ಕೇಳಿ.

ಯುವನಿಧಿ ಪಡೆಯುತ್ತಿರುವವರು ಗಮನಿಸಬೇಕಾದದ್ದು

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯಡಿ ರಾಜ್ಯ ಸರ್ಕಾರ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500ರಂತೆ ಗರಿಷ್ಠ ಎರಡು ವರ್ಷ ಕೊಡುತ್ತದೆ. ಶಿಶಿಕ್ಷು ವೇತನ, ಅಂದರೆ ಅಪ್ರೆಂಟಿಸ್ ಭತ್ಯೆ, ಪಡೆಯುವವರು ಇದಕ್ಕೆ ಅರ್ಹರಲ್ಲ. ಎರಡನ್ನೂ ಒಟ್ಟಿಗೆ ಪಡೆಯುವುದು ಸುಳ್ಳು ಘೋಷಣೆಯಾಗುತ್ತದೆ. ತರಬೇತಿಗೆ ಸೇರಿದ ಕೂಡಲೇ ಸೇವಾಸಿಂಧು ಪೋರ್ಟಲ್‌ನಲ್ಲಿ ನಿಮ್ಮ ಸ್ಥಿತಿ ಬದಲಾದದ್ದನ್ನು ತಿಳಿಸಿ. ₹3,000 ಕೈಬಿಡಬೇಕಲ್ಲ ಎಂದು ತರಬೇತಿಯನ್ನೇ ಮುಂದೂಡುವ ಪದವೀಧರರಿದ್ದಾರೆ; ಎರಡು ವರ್ಷದ ನಂತರ ಆ ಹಣ ಹೇಗೂ ನಿಲ್ಲುತ್ತದೆ, ಆಗ ಕೈಯಲ್ಲಿ ಅನುಭವವೂ ಇರುವುದಿಲ್ಲ. ಭತ್ಯೆಯ ಮೊತ್ತವನ್ನಷ್ಟೇ ಹೋಲಿಸಿದರೂ ತರಬೇತಿಗೆ ಸೇರುವುದೇ ಲಾಭ ಎಂಬುದು ನನ್ನ ಅಭಿಪ್ರಾಯ.

ತೊಂದರೆಯಾದರೆ ಯಾರ ಬಳಿ ಹೋಗಬೇಕು

ಭತ್ಯೆ ನಿಂತರೆ, ಒಪ್ಪಂದದಲ್ಲಿಲ್ಲದ ಕೆಲಸ ಮಾಡಿಸಿದರೆ, ನಡುವೆ ಹೊರಹಾಕಿದರೆ ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಿ, ನಂತರ ಪೋರ್ಟಲ್‌ನ ದೂರು ವಿಭಾಗದಲ್ಲಿ ದಾಖಲಿಸಿ. ಒಪ್ಪಂದದಿಂದ ಹುಟ್ಟುವ ವಿವಾದವನ್ನು ತೀರ್ಮಾನಿಸುವ ಅಧಿಕಾರ ಅಪ್ರೆಂಟಿಸ್‌ಶಿಪ್ ಸಲಹೆಗಾರರದ್ದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ರಾಜ್ಯದೊಳಗಿನ ಖಾಸಗಿ ಸಂಸ್ಥೆಯಾದರೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯನ್ನು, ಕೇಂದ್ರ ಸರ್ಕಾರದ ಉದ್ದಿಮೆ ಅಥವಾ ನಾಲ್ಕು ಹಾಗೂ ಹೆಚ್ಚು ರಾಜ್ಯಗಳಲ್ಲಿ ನಡೆಯುವ ಸಂಸ್ಥೆಯಾದರೆ ಕೇಂದ್ರ ಕೌಶಲ್ಯಾಭಿವೃದ್ಧಿ ಸಚಿವಾಲಯದ ಬೆಂಗಳೂರಿನ ಪ್ರಾದೇಶಿಕ ನಿರ್ದೇಶನಾಲಯವನ್ನು ಸಂಪರ್ಕಿಸಬೇಕು. ಎನ್‌ಎಟಿಎಸ್‌ನವರಿಗೆ ಚೆನ್ನೈನ ಮಂಡಳಿ.

ಹೇಳದೆ ಕೇಳದೆ ತರಬೇತಿ ಬಿಟ್ಟು ಬರುವುದು ಬೇಡ. ಒಪ್ಪಂದವನ್ನು ಕೊನೆಗೊಳಿಸಬೇಕಾದರೆ ಇಬ್ಬರಲ್ಲಿ ಯಾರೇ ಆಗಲಿ ಸಲಹೆಗಾರರಿಗೆ ಅರ್ಜಿ ಸಲ್ಲಿಸಬೇಕೆಂಬುದು ಕಾಯ್ದೆಯ ಕ್ರಮ. ಸಂಸ್ಥೆ ತನ್ನ ಕರ್ತವ್ಯದಲ್ಲಿ ತಪ್ಪಿದ್ದರಿಂದ ಒಪ್ಪಂದ ಮುರಿದರೆ ನಿಮಗೆ ಪರಿಹಾರ ಸಲ್ಲುತ್ತದೆ, ನಿಮ್ಮ ಕಡೆಯಿಂದ ತಪ್ಪಿದರೆ ತರಬೇತಿಯ ವೆಚ್ಚವನ್ನು ಮರಳಿಸಬೇಕಾಗಬಹುದು. ಜೊತೆಗೆ, ಹಳೆಯ ಒಪ್ಪಂದ ಪೋರ್ಟಲ್‌ನಲ್ಲಿ ಜೀವಂತವಾಗಿರುವವರೆಗೆ ಬೇರೆಡೆ ಹೊಸದು ಆಗುವುದಿಲ್ಲ.

ಪರೀಕ್ಷೆ ಮತ್ತು ಪ್ರಮಾಣಪತ್ರ

ನಿಗದಿತ ಟ್ರೇಡ್‌ನವರು ಅವಧಿಯ ಕೊನೆಯಲ್ಲಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದು ಉತ್ತೀರ್ಣರಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಎನ್‌ಎಟಿಎಸ್‌ನವರಿಗೆ ಮಂಡಳಿಯಿಂದ ಪ್ರಾವೀಣ್ಯ ಪ್ರಮಾಣಪತ್ರ ಬರುತ್ತದೆ. ತರಬೇತಿ ಮುಗಿಯಲು ಎರಡು ತಿಂಗಳಿರುವಾಗಲೇ ಪರೀಕ್ಷೆಗೆ ನಿಮ್ಮ ಹೆಸರು ಹೋಗಿದೆಯೇ, ಹಾಜರಾತಿ ಪೂರ್ಣವಾಗಿ ದಾಖಲಾಗಿದೆಯೇ ಎಂದು ಸಂಸ್ಥೆಯಲ್ಲಿ ವಿಚಾರಿಸಿ. ಪ್ರಮಾಣಪತ್ರ ಬರಲು ಸಮಯ ಹಿಡಿಯುವುದರಿಂದ, ಕೊನೆಯ ದಿನ ಸಂಸ್ಥೆಯ ಮುದ್ರೆಯಿರುವ ಪೂರ್ಣಗೊಳಿಸಿದ ಪತ್ರವನ್ನು ಪಡೆಯದೆ ಗೇಟು ದಾಟಬೇಡಿ. ಆ ಪತ್ರದಲ್ಲಿ ಒಪ್ಪಂದದ ನೋಂದಣಿ ಸಂಖ್ಯೆ, ಟ್ರೇಡ್, ಆರಂಭ ಮತ್ತು ಮುಕ್ತಾಯದ ದಿನಾಂಕ, ನೀವು ಕೆಲಸ ಕಲಿತ ವಿಭಾಗಗಳ ಹೆಸರು ಇರಬೇಕು.